ಒಣಹಳ್ಳಕ್ಕೆ ಬಂದ ನೀರು

ಹೋದ ವಾರ ಒಬ್ಬ ಗೃಹಸ್ಥ ನನ್ನ ಮೊಮ್ಮಗಳಿಗೆ ಕೈ ಮುಗಿದು, ‘ಜ್ವಾಕೀಲೆ ಹೋಗ್ರಿ’ ಅಂದ. ಅವಳು ಅವನ ಮೇಲೆ ಅರ್ಜಿ ಬರೆದು ಮಾಮಲೇದಾರರ ಕಚೇರಿಗೆ ಕೊಟ್ಟುಬಿಟ್ಟಳು.

ನಗು ಬಂತೇ? ನನಗೂ ಬಂದಿತ್ತು.

ಜ್ವಾಕೀಲೆ ಹೋಗ್ರಿ ಅನ್ನುವುದು ಯಾವ ಸೀಮೆಯ ಗುನ್ಹೆ? ಜೋಪಾನವಾಗಿ ಹೋಗಿ ಎಂದಷ್ಟೇ ಅರ್ಥ, ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲಿ ಬರುವ ಮಾತು. ಸಂತೆಗೆ ಹೊರಟವರಿಗೆ ಅನ್ನುತ್ತೇವೆ. ತವರಿಗೆ ಹೊರಟ ಬಸುರಿಗೆ ಅನ್ನುತ್ತೇವೆ. ಫಾಲ್ಸ್ ನೋಡಲು ಬಂದ ಬೀಗರಿಗಂತೂ ಎರಡೆರಡು ಸಲ ಅನ್ನುತ್ತೇವೆ. ಇದಕ್ಕೂ ಕಾಯದೆಯ ಒಂದು ಕಲಮು ಹಚ್ಚುವುದಾದರೆ ಗೋಕಾಕಿನವರೆಲ್ಲ ಜೈಲಿನಲ್ಲೇ ಊಟ ಮಾಡಬೇಕು!

ಹೀಗೆ ನಾನು ನಕ್ಕದ್ದು ಒಂದೇ ಒಂದು ತಾಸು. ಆಮೇಲೆ ಹೋದ ನಗು ಇನ್ನೂ ಮನೆಗೆ ಬಂದಿಲ್ಲ.

ಇರಲಿ, ಮೊದಲು ಸಂತೋಷದ ಸುದ್ದಿ. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದೀತು. ನನ್ನ ಮಗನ ಮಗಳು ಕಾಶವ್ವ ಮುಲ್ಕಿ ಪರೀಕ್ಷೆ ಪಾಸಾಗಿ ಈಗ ಕಲ್ಲೋಳಿಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಅವಳಿಗೆ ಸರಕಾರದ ಆರ್ಡರ್ ಬಂತು. ಇಲೆಕ್ಷನ್ನಿನ ದಿನ ಮೂಡಲಗಿ ಕಡೆಯ ಒಂದು ಹಳ್ಳಿಗೆ ಹೋಗಿ, ಮತ ಹಾಕಲು ಬರುವ ಹೆಂಗಸರ ಗುರುತು ಹಿಡಿದು, ಯಾದಿಯಲ್ಲಿ ಹೆಸರು ನೋಡಿ ಚೀಟಿ ಕೊಡಬೇಕು. ನಮ್ಮ ಮನೆತನದಲ್ಲಿ ಸರಕಾರದ ಕಾಗದ ಬಂದರೆ ಅದು ಸಮನ್ಸೇ ಇರಬೇಕು ಎಂದು ಹೆದರಿ ಬೆಳೆದವರು ನಾವು. ಈ ಸಲ ಬಂದದ್ದು ಮೊಮ್ಮಗಳ ಹೆಸರಿಗೆ! ಕುಮಾರಿ ಕಾಶೀಬಾಯಿ ಎಂದು ಟೈಪು ಮಾಡಿದ ಕಾಗದ!

ಕಾಗದ ಇಂಗ್ಲೀಷಿನಲ್ಲಿತ್ತು. ನಾನೋ ಕನ್ನಡ ಮೂರನೆಯ ಇಯತ್ತೆಗೇ ಸಾಲಿಗೆ ಶರಣು ಹೊಡೆದವನು. (ಈ ಅಂಕಣ ತಪ್ಪಿಲ್ಲದೆ ಅಚ್ಚಾಗುವುದು ಕಾಶವ್ವನ ಪುಣ್ಯ. ಸಣ್ಣವಳಿದ್ದಾಗಿನಿಂದ ನನ್ನ ಬರಹ ತಿದ್ದಿ ಶುದ್ಧಪ್ರತಿ ತೆಗೆಯುವವಳು ಅವಳೇ.) ಆದರೂ ಕಾಗದವನ್ನು ಮೂರು ಸಲ ಓದಿದೆ. ಓಣಿಯವರನ್ನೆಲ್ಲ ಕರೆದು ಓದಿ ತೋರಿಸಿದೆ.

“ಮೊದಲ ನೆಟ್ಟಗ ಹಿಡೀರಿ, ತಲಿಕೆಳಗ ಹಿಡದೀರಿ” ಅಂದಳು ನಮ್ಮಾಕಿ.

ಹೇಗೆ ಹಿಡಿದರೇನು? ಹೆಸರು ನಮ್ಮ ಹುಡುಗಿಯದೇ ತಾನೇ! ರೇಷನ್ನಿನ ಈ ದಿನಗಳಲ್ಲೂ ಓಣಿಗೆಲ್ಲ ಕರದಂಟು ಹಂಚಿದೆ. ಅವಳು ಹೊರಡುವ ದಿನ ಸರ್ವಿಸ್ ಮೋಟಾರಿನ ತನಕ ಹೋಗಿ, “ಜ್ವಾಕೀಲೆ ಹೋಗಿ ಬಾ ಯವ್ವಾ” ಅಂದೆ.

ಮಾತು ಅದೇ. ನೆನಪಿಟ್ಟುಕೊಳ್ಳಿ.

ಮತ ಹಾಕುವ ದಿನ ಏನಾಯಿತೆಂಬುದನ್ನು ನಾನು ಆಮೇಲೆ ಅವಳ ಬಾಯಿಂದಲೇ ಕೇಳಿದೆ. ಯಾದಿಯಲ್ಲಿ ಹೆಂಗಸರ ಹೆಸರು ಹೇಗಿರುತ್ತದೆ? ‘ಕಲ್ಲವ್ವ ಕೋಂ ಬಸಪ್ಪ’. ಅಂದರೆ ಬಸಪ್ಪನ ಹೆಂಡತಿ ಕಲ್ಲವ್ವ. ಗುರುತು ಹಿಡಿಯಬೇಕಾದರೆ ಗಂಡನ ಹೆಸರು ಕೇಳಬೇಕು. ನಮ್ಮ ಹೆಂಗಸರು ಗಂಡನ ಹೆಸರು ಹೇಳುತ್ತಾರೆಯೇ? ಸತ್ತರೂ ಇಲ್ಲ. ಒಬ್ಬಾಕೆ ಸೆರಗು ಬಾಯಿಗೆ ಹಿಡಿದಳಂತೆ. ಇನ್ನೊಬ್ಬಾಕೆ, “ಗುಡ್ಯಾಗ ಶಿವನ ಮುಂದ ಕುಂತಾನಲ್ರಿ ಕೋಡಿನಾಂವ, ಅದ ಹೆಸರ ನೋಡ್ರಿ ನಮ್ಮನಿಯಾರದು” ಅಂದಳಂತೆ. ಕಾಶವ್ವ ನಕ್ಕು ಬಸಪ್ಪ ಎಂದು ಗುರುತು ಹಾಕಿಕೊಂಡಳು.

ಮಧ್ಯಾಹ್ನ ಒಂದು ಚಕ್ಕಡಿ ಬಂತು. ಅದರೊಳಗಿಂದ ಇಳಿದ ಹೆಂಗಸನ್ನು ಪಟಕಾ ಸುತ್ತಿದ, ಉಮೇದುವಾರನೊಬ್ಬನ ಏಜೆಂಟ ಮುಂದೆ ತಂದು ನಿಲ್ಲಿಸಿದ. ಕಾಶವ್ವ ಗಂಡನ ಹೆಸರು ಕೇಳಿದಳು.

“ರುದ್ರಪ್ಪ” ಅಂದಳು ಆಕೆ. ಥಟ್ಟನೆ. ಸೆರಗು ಹಿಡಿಯಲಿಲ್ಲ, ತಲೆ ತಗ್ಗಿಸಲಿಲ್ಲ.

ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಅಯ್ಯ ಶಿವನ! ಗಂಡನ ಹೆಸರ ಕಲ್ಲ ಒಗದಂಗ ಒಗದ್ಲಲ್ಲಾ! ಅಂವ ಈಕಿ ಗಂಡ ಹ್ಯಾಂಗ ಆದಾನು?” ಅಂದಳು. ಸಾಲೆಲ್ಲ ಗೊಳ್ಳೆಂದಿತು.

ಪಾಠ ಹೇಳಿಕೊಟ್ಟ ಏಜೆಂಟ ಹೆಸರು ಕಲಿಸಿದ್ದ. ನಾಚಿಕೆ ಕಲಿಸುವುದನ್ನು ಮರೆತಿದ್ದ.

ವಿಚಾರಿಸಿದರೆ, ರುದ್ರಪ್ಪನ ಖರೆ ಹೆಂಡತಿ ತೀರಿಕೊಂಡು ಎರಡು ದೀಪಾವಳಿ ಆಗಿದ್ದವು. ಕಾಶವ್ವ ಚೀಟಿ ಕೊಡಲಿಲ್ಲ. ಚಕ್ಕಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರು ಇಳಿಯಲೇ ಇಲ್ಲ.

ಸಂಜೆ ಕೆಲಸ ಮುಗಿಯಿತು. ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದರು. ಇಬ್ಬರು ಪೋಲೀಸರು ಕೂತು ಮೋಟಾರಿನಲ್ಲಿ ಅದನ್ನು ಒಯ್ದರು. ನನ್ನ ಮೊಮ್ಮಗಳು ಕೈಚೀಲ ಹಿಡಿದು ಒಬ್ಬಳೇ ನಡೆದಳು. ಹಳ್ಳ ದಾಟಿದರೆ ಆಚೆ ದಂಡೆಯ ಊರಿನಲ್ಲಿ ಗೊತ್ತಿದ್ದವರ ಮನೆಯಿತ್ತು.

(ಮರದ ಪೆಟ್ಟಿಗೆಗೆ ಇಬ್ಬರು ಪೋಲೀಸರು. ಅದು ಸುಳ್ಳಾಗದಂತೆ ದಿನವಿಡೀ ಕಾಯ್ದವಳಿಗೆ ಒಂದು ಕೈಚೀಲ. ಲೆಕ್ಕ ಸರಿಯಿದೆಯೇ?)

ಹಳ್ಳದ ದಂಡೆಯಲ್ಲಿ ಏಜೆಂಟ ನಿಂತಿದ್ದ. ಜತೆಗೆ ನಾಲ್ಕೈದು ಜನ. ಎರಡೂ ಕೈ ಮುಗಿದು ಅಂದ:

“ಹಳ್ಳಕ್ಕ ನೀರ ಬಂದಾವ್ರಿ ಅಕ್ಕಾವ್ರ. ಜ್ವಾಕೀಲೆ ಹೋಗ್ರಿ. ಮನ್ಯಾಗ ಹಾದಿ ನೋಡತಿರ್ತಾರ.”

ಶಿವರಾತ್ರಿ ಹತ್ತಿರ ಬಂದಿತ್ತು. ಹಳ್ಳದಲ್ಲಿ ಒಂದು ಹನಿ ನೀರಿರಲಿಲ್ಲ. ಉಸುಕು, ಕಲ್ಲು, ಅಷ್ಟೇ.

ಕಾಶವ್ವ ಹಳ್ಳ ನೋಡಿದಳು. ಅವನ ಮುಖ ನೋಡಿದಳು. “ಎಲ್ಲಿ ಅದಾವ್ರಿ ನೀರು? ಬರ್ರಿ, ಇಳದ ತೋರಸ್ರಿ” ಅಂದಳು.

“ನಿಮಗ ಕಾಣೂದಿಲ್ರಿ. ಮುಂದ ಕಾಣ್ತಾವ” ಅಂದ ಅವನು. ಜತೆಗಿದ್ದವರು ನಕ್ಕರು.

ಅವಳು ಹಳ್ಳ ದಾಟಲಿಲ್ಲ. ತಿರುಗಿ ಬಂದು ಗೌಡರ ಮನೆಯಲ್ಲಿ ಹೆಂಗಸರ ನಡುವೆ ಉಳಿದಳು. ಮರುದಿನ ಮನೆಗೆ ಬಂದವಳು ನನಗೆ, “ಛಲೋ ಆತ ಅಜ್ಜಾ” ಎಂದಷ್ಟೇ ಹೇಳಿ, ಮೂಲೆಯಲ್ಲಿ ಕೂತು ಅರ್ಜಿ ಬರೆದಳು. ಕಾಯದೆ ಇದೆಯಂತೆ. ಸರಕಾರಿ ಕೆಲಸದ ಮೇಲಿದ್ದವರಿಗೆ ಧಮಕಿ ಕೊಟ್ಟರೆ ಎರಡು ವರ್ಷದ ತನಕ ಜೈಲು. ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ... ಅದನ್ನು ಆಮೇಲೆ ಹೇಳುತ್ತೇನೆ.

ಮಾಮಲೇದಾರ ಸಾಹೇಬರು ಇಬ್ಬರನ್ನೂ ಕರೆಸಿದರು. ಏಜೆಂಟ ಸಾಧುವಿನ ಹಾಗೆ ನಿಂತು, “ಸಾಹೇಬ್ರ, ಹೆಣ್ಮಗಳು ಒಬ್ಬಾಕಿ ಹೊಂಟಿದ್ಲು. ಜ್ವಾಕೀಲೆ ಹೋಗ್ರಿ ಅಂದ್ನಿ. ಇದು ತಪ್ಪೇನ್ರಿ? ಮ್ಯಾಗಿಂದ ನೀರ ಬಂದಿದ್ರ ನನ್ನ ಬೈತಿದ್ರಿ” ಅಂದ.

ಸಾಹೇಬರು ಕಾಶವ್ವನಿಗೆ ಕೇಳಿದರು: “ಇದು ಧಮಕಿ ಅಂತ ನಿಮಗ ಹ್ಯಾಂಗ ಗೊತ್ತು ಕಾಶೀಬಾಯಿ?”

ನೀರು ಎಲ್ಲಿದೆ ತೋರಿಸು ಅಂದವಳಿಗೆ ಆಗ ಬಾಯೇ ಬರಲಿಲ್ಲವಂತೆ. ಸಾಹೇಬರು ಎಂಟು ದಿನ ವಾಯಿದೆ ಕೊಟ್ಟರು. ಅಷ್ಟರಲ್ಲಿ ಪುರಾವೆ ತರಬೇಕು. ಇಲ್ಲದಿದ್ದರೆ ಅರ್ಜಿ ಸುಳ್ಳು. ಸುಳ್ಳು ಅರ್ಜಿ ಕೊಟ್ಟ ಅಕ್ಕಾವ್ರ ಹೊಸ ನೌಕರಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕೇ?

ಕಚೇರಿಗೆ ಹೋದ ಸುದ್ದಿಯೂ ನನಗೆ ತಿಳಿದದ್ದು ಓಣಿಯವರಿಂದ. ಆಗಲೇ ನಾನು ನಕ್ಕದ್ದು. ಆಮೇಲೆ ಈ ಅಂಕಣ ಬರೆಯಲು ಹಾಳೆ ಹುಡುಕುತ್ತಿದ್ದೆ. ಕಾಗದಗಳ ನಡುವೆ ಅವಳ ಅರ್ಜಿಯ ಕಚ್ಚಾಪ್ರತಿ ಸಿಕ್ಕಿತು. ಓದಿದೆ. ‘ಹಳ್ಳಕ್ಕ ನೀರ ಬಂದಾವ್ರಿ. ಜ್ವಾಕೀಲೆ ಹೋಗ್ರಿ. ಮನ್ಯಾಗ ಹಾದಿ ನೋಡತಿರ್ತಾರ.’

ಅಕ್ಷರ ಅವಳದು. ಮಾತು ನನ್ನದು.

ಹೌದು, ನನ್ನದೇ. ಒಂಬತ್ತು ವರ್ಷದ ಹಿಂದಿನದು. ಹುಕ್ಕೇರಿ ತಾಲೂಕಿನಲ್ಲಿ, ದಡ್ಡಿಯ ಆಚೆ, ಲೋಕಲ್ ಬೋರ್ಡಿನ ಇಲೆಕ್ಷನ್. ಆಗ ಪಟಕಾ ಸುತ್ತಿದ ಏಜೆಂಟ ನಾನು. ಯಾದಿ ಹಿಡಿದು ಕೂತವರು ಶೇಷಪ್ಪ ಮಾಸ್ತರರು. ಬಡಕಲು ಶರೀರ, ಮೆತ್ತಗಿನ ಮಾತು. ಆದರೆ ನಾನು ಕರೆತಂದ ಸುಳ್ಳು ಮತದಾರನನ್ನು ಗುರುತು ಹಿಡಿದು ಹೊರಗೆ ಕಳಿಸಿದರು. ನಾನು ಸಂಜೆ ಹಳ್ಳದ ದಂಡೆಯಲ್ಲಿ ನಿಂತೆ. ಜತೆಗೆ ಗೆಳೆಯರು. ಕೈ ಮುಗಿದು ಆ ಮೂರು ಮಾತು ಅಂದೆ.

ಅದೂ ಬೇಸಗೆ. ಹಳ್ಳ ಒಣಗಿ ಬಾಯಿ ಬಿಟ್ಟಿತ್ತು.

ಮಾಸ್ತರರು ನಮ್ಮ ಕೈಗಳನ್ನು ನೋಡಿದರು. ಯಾರ ಕೈಯಲ್ಲೂ ಬಡಿಗೆ ಇರಲಿಲ್ಲ. ಆಮೇಲೆ ಏನು ಮಾಡಿದರು ಗೊತ್ತೇ? ಕಾಲಲ್ಲಿದ್ದ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿದರು. ಧೋತರವನ್ನು ಮೊಣಕಾಲಿನ ತನಕ ಎತ್ತಿದರು. ಬಿಸಿ ಉಸುಕಿನಲ್ಲಿ, ನೀರೊಳಗೆ ನಡೆಯುವವರ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ದಾಟಿದರು.

ನಾವು ನಕ್ಕೆವು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಹಳ್ಳಕ್ಕೆ ಬರದ ನೀರು ನಮ್ಮ ಕಣ್ಣಿಗೆ ಬಂತು.

ಅಷ್ಟಕ್ಕೇ ಬಿಟ್ಟೆನೇ? ಆಗಷ್ಟೇ ಈ ಅಂಕಣ ಸುರುವಾಗಿತ್ತು. ಸಂಪಾದಕರು, ‘ನೀವು ಮಾತಾಡೂದನ್ನ ಬರೀರಿ’ ಎಂದಿದ್ದರು. ಮಾಸ್ತರರು ಒಣಹಳ್ಳ ದಾಟಿದ್ದನ್ನು ಬಣ್ಣ ಕಟ್ಟಿ ಇದೇ ಜಾಗದಲ್ಲಿ ಬರೆದೆ. ನಿಮಗೆ ನೆನಪಿರಬೇಕು. ನೀವು ಬಹಳ ಮೆಚ್ಚಿದಿರಿ. ಗುರುತಿಲ್ಲದವರು ಸಂತೆಯಲ್ಲಿ ನನ್ನನ್ನು ನಿಲ್ಲಿಸಿ, ‘ಹಳ್ಳಕ್ಕ ನೀರ ಬಂದಾವೇನ್ರಿ ಕಾಕಾ?’ ಅಂದು ನಕ್ಕಿರಿ. ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಬಡಿಗೆ ಎತ್ತದೆ, ಬೈಗಳ ಬೈಯದೆ, ‘ರಿ’ ಹಚ್ಚಿ ಒಬ್ಬ ಮನುಷ್ಯನನ್ನು ಹೆದರಿಸುವ ಮಾತನ್ನು ನಾನು ಊರಿಗೆಲ್ಲ ಅಚ್ಚುಹಾಕಿಸಿ ಹಂಚಿದೆ. ಕರದಂಟು ಹಂಚಿದ ಹಾಗೆ.

ಕಾಶವ್ವನನ್ನು ಕರೆದೆ. “ಈ ಮಾತ ಎಲ್ಲಿದು ಅಂತ ನಿನಗ ಗೊತ್ತಿತ್ತೇನವಾ?”

“ಗೊತ್ತಿತ್ತ ಅಜ್ಜಾ.”

“ಸಾಹೇಬ್ರು ಕೇಳಿದಾಗ ಯಾಕ ಹೇಳ್ಲಿಲ್ಲ?”

ಅವಳು ನೆಲ ನೋಡಿದಳು. “ಹ್ಯಾಂಗ ಹೇಳ್ಲಿ? ನಮ್ಮ ಅಜ್ಜನ ಮಾತ ಇದು, ಅದಕ್ಕ ಇದು ಧಮಕಿ ಅಂತ ಹೇಳ್ಲ್ಯಾ? ಆಗ ಅದರ ಶುದ್ಧಪ್ರತಿ ತಗದಾಕಿ ನಾನ. ಬರಿಯೂ ಮುಂದ ನಾನೂ ಭಾಳ ನಕ್ಕಿದ್ನಿ ಅಜ್ಜಾ.”

ನನ್ನ ಮಾನ ಉಳಿಸಲು ತನ್ನ ನೌಕರಿ ಒತ್ತೆಯಿಟ್ಟು ನಿಂತಿತ್ತು ಆ ಹುಡುಗಿ. ಅವಳ ಎದುರು ಕೂರಲಾಗದೆ ಎದ್ದು, ಮರುದಿನ ಒಬ್ಬನೇ ಕಚೇರಿಗೆ ಹೋದೆ.

“ಸಾಹೇಬ್ರ, ಅದು ಧಮಕಿ ಖರೆ. ನಾ ಸಾಕ್ಷಿ ಹೇಳ್ತೇನ್ರಿ.”

“ನೀವು ಅಲ್ಲಿ ಇದ್ರೇನು?”

“ಇದ್ದಿಲ್ರಿ. ಆದ್ರ ಆ ಮಾತ ಮೊದಲ ಅಂದಾಂವ ನಾನ. ಹೆದರಸಾಕ ಅಂದೇನಿ.”

ಎಲ್ಲವನ್ನೂ ಹೇಳಿದೆ. ಸಾಹೇಬರು ಲೇಖನಿ ಕೆಳಗಿಟ್ಟರು. “ಹಿರಿಯಾರ, ಬರಕೋತೇನಿ. ಆದ್ರ ಮೊಮ್ಮಗಳ ಸಲುವಾಗಿ ಅಜ್ಜ ಏನರ ಹೇಳ್ತಾನ ಅಂತಾರ. ಬ್ಯಾರೆದವರ ಸಾಕ್ಷಿ ಬೇಕು. ಆ ಮಾಸ್ತರರ ಇದ್ರ ಕರಕೊಂಡ ಬರ್ರಿ” ಅಂದರು.

ಮಾಸ್ತರರು ಈಗ ಪೆನ್ಷನ್ ಮೇಲೆ ಅಂಕಲಗಿಯಲ್ಲಿದ್ದಾರೆ. ಹುಡುಕಿಕೊಂಡು ಹೋದೆ. ನನ್ನನ್ನು ನೋಡಿದೊಡನೆ ಎದ್ದು ನಿಂತರು. ನನಗಿಂತ ದೊಡ್ಡವರು, ಎದ್ದು ನಿಂತರು! ಕಾಲು ಮುಟ್ಟಲು ಹೋದೆ, ಹಿಂದೆ ಸರಿದರು. ತಪ್ಪಾಯಿತು ಅಂದೆ. ಹುಡುಗಿಯ ಕತೆ ಹೇಳಿದೆ. ಅಂದು ಹಳ್ಳ ಒಣಗಿತ್ತು, ನಾನು ಹೆದರಿಸಿದ್ದೆ ಎಂದಷ್ಟು ಬಂದು ಹೇಳಿ ಎಂದು ಬೇಡಿಕೊಂಡೆ.

ಮಾಸ್ತರರು ಬಾಗಿಲ ಕಡೆ ನೋಡಿದರು. ನನ್ನ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು.

“ನೀರ ಇದ್ದೂವಲ್ರಿ ಅವತ್ತ” ಅಂದರು.

“ಮಾಸ್ತರ...”

“ಇದ್ದೂವ್ರಿ. ಮೊಣಕಾಲ ಮಟ ಇದ್ದೂವು. ನೀವು ಛಲೋ ಮಾತ ಹೇಳಿದ್ರಿ, ನಾ ಜ್ವಾಕೀಲೆ ದಾಟಿದ್ನಿ. ಬರ್ರಿ, ಚಾ ಕುಡೀರಿ.”

ಒಂಬತ್ತು ವರ್ಷವಾದರೂ ಅವರು ಆ ಹಳ್ಳದಿಂದ ಮೇಲೆ ಬಂದಿಲ್ಲ.

ಕಾಯದೆಯ ಪುಸ್ತಕದಲ್ಲಿ ಧಮಕಿಗೆ ಕಲಮು ಇದೆ. ಒಳ್ಳೆಯದೇ. ಮುಂದಿನ ಇಲೆಕ್ಷನ್ನಿಗೆ ಪೆಟ್ಟಿಗೆಯ ಜತೆ ಅಕ್ಕಾವ್ರನ್ನೂ ಮಾಸ್ತರರನ್ನೂ ಮನೆ ಮುಟ್ಟಿಸಿ ಬರಲು ಪೋಲೀಸರಿಗೆ ಹುಕುಂ ಆಗಲಿ, ಅದೂ ಬೇಕು. ಆದರೆ ನಮ್ಮ ಕಡೆಯ ಧಮಕಿ ಕೈ ಮುಗಿದುಕೊಂಡು ಬರುತ್ತದೆ. ಅದರ ಅರ್ಥ ಕಾಯದೆಗೆ ಹೇಳುವವರು ಯಾರು? ಕೇಳಿಸಿಕೊಂಡವರು ಹೆದರಿ ಹೇಳುವುದಿಲ್ಲ. ಅಂದವರು ಹೇಳಿದರೆ ನಂಬುವುದಿಲ್ಲ. ಸಾಕ್ಷಿಗೆ ಉಳಿದವರು ನೀವು.

ವಾಯಿದೆಗೆ ಇನ್ನು ಮೂರು ದಿನ ಇದೆ. ಈ ಬರಹದ ಶುದ್ಧಪ್ರತಿಯನ್ನು ಕಾಶವ್ವ ಈಗ ಪಕ್ಕದಲ್ಲೇ ಕೂತು ತೆಗೆಯುತ್ತಿದ್ದಾಳೆ. ನನ್ನ ತಪ್ಪುಗಳನ್ನೆಲ್ಲ ತಿದ್ದುತ್ತಿದ್ದಾಳೆ. ಒಂದನ್ನು ತಿದ್ದಲು ಅವಳಿಗೂ ಆಗುವುದಿಲ್ಲ. ಇಂಥ ಮೊಮ್ಮಗಳನ್ನು ಕೊಟ್ಟ ಶಿವನಿಗೆ ಕೈ ಮುಗಿಯಬೇಕೆನ್ನುತ್ತೇನೆ. ಕೈ ಎತ್ತಿದೊಡನೆ ಆ ಹಳ್ಳದ ದಂಡೆ ನೆನಪಾಗಿ ಕೈ ಹಾಗೆಯೇ ಕೆಳಗಿಳಿಯುತ್ತದೆ.

ಅದಕ್ಕೇ ನಿಮಗೆ ಕೇಳುತ್ತೇನೆ. ಅಂದು ಈ ಅಂಕಣ ಓದಿ ನಕ್ಕಿರಲ್ಲ, ಹಳ್ಳದಲ್ಲಿ ನೀರಿರಲಿಲ್ಲ ಎಂಬುದು ಗೊತ್ತಿದ್ದೇ ನಕ್ಕಿರಲ್ಲವೇ?