ಮೊಸರಿನ ಅಳಿಯ

ಮದುವೆ ನಿಶ್ಚಯವಾದ ಮೇಲೆ ಹೆಣ್ಣಿನ ಮನೆಗೆ ಮೊದಲ ಸಲ ಊಟಕ್ಕೆ ಹೋದಾಗ ನಾನು ಆಡಿದ ಒಂದೇ ಒಂದು ಮಾತು ನನ್ನ ಮುಂದಿನ ಭಾನುವಾರಗಳನ್ನೆಲ್ಲ ಹಾಳು ಮಾಡಿತು. ಮೊಸರಿನ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ನಿಂತ ಭಾವೀ ಅತ್ತೆ, "ಮೊಸರು ಆಗ್ತದಲ್ಲ?" ಎಂದು ಕೇಳಿದರು. "ಆಗ್ತದೆ" ಎಂದೆ. ಹೊಸ ನೆಂಟರ ಮನೆಯಲ್ಲಿ ಇನ್ನೇನು ಹೇಳುವುದು?

ನಿಜವೆಂದರೆ ನನಗೆ ಮೊಸರು ಕಂಡರೆ ಆಗುತ್ತಿರಲಿಲ್ಲ. ಉಪ್ಪಳದ ಹೆದ್ದಾರಿ ಬದಿಯ ನಮ್ಮ ಮನೆಯಲ್ಲಿ ಮೊಸರೆಂದರೆ ಹೊಟ್ಟೆ ಕೆಟ್ಟಾಗ ಮೆಂತೆ ಬೆರೆಸಿ ಕುಡಿಸುವ ಮದ್ದು. ಅದರ ವಾಸನೆ ಬಂದರೆ ಸಾಕು, ಹಳೆಯ ಹೊಟ್ಟೆನೋವುಗಳೆಲ್ಲ ನೆನಪಾಗಿ ಹೊಸದಾಗಿ ನೋಯುತ್ತಿದ್ದವು. ಆ ದಿನ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮಾವಿನ ಮಿಡಿ ಕಚ್ಚಿಕೊಂಡು ಗಬಗಬನೆ ನುಂಗಿದೆ. ಬೇಗ ಮುಗಿಯಲಿ ಎಂಬುದು ನನ್ನ ಲೆಕ್ಕಾಚಾರ. "ಎಷ್ಟು ಆಸೆಯಲ್ಲಿ ಉಣ್ತಾರೆ ನೋಡಿ!" ಎಂದು ಪಂಕ್ತಿಯಲ್ಲಿ ಯಾರೋ ಹೇಳಿದರು. ಮತ್ತೆರಡು ಸೌಟು ಬಿತ್ತು. ಬೇಡವೆಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದೆ. ನಮ್ಮ ಕಡೆ ಅದನ್ನು ಯಾರೂ ನಂಬುವುದಿಲ್ಲ. ಪಾಪ, ನಾಚಿಕೆ ಎಂದುಕೊಂಡು ಬೆರಳ ಸಂದಿಯಿಂದಲೇ ಸುರಿಯುತ್ತಾರೆ.

ಅತ್ತೆಯ ಮನೆ ಇರುವುದು ಎಣ್ಮಕಜೆಯಲ್ಲಿ, ಗೇರುಗುಡ್ಡೆಯ ಬುಡದಲ್ಲಿ. ಅಲ್ಲಿ ಅತ್ತೆ, ನನ್ನ ಭಾವ ಅಂದರೆ ಹೆಂಡತಿಯ ಅಣ್ಣ, ಅವನ ಹೆಂಡತಿ ಮಕ್ಕಳು, ಮತ್ತೆ ಒಂದು ದನ. ದನವೆಂದರೆ ನಮ್ಮ ಕಾಸರಗೋಡಿನ ಗಿಡ್ಡ ಜಾತಿಯದು. ಎತ್ತರ ನನ್ನ ಸೊಂಟದಷ್ಟು, ಸಿಟ್ಟು ಆನೆಯಷ್ಟು. ಅತ್ತೆಯನ್ನು ಬಿಟ್ಟು ಬೇರೆ ಯಾರು ಕರೆಯಲು ಕೂತರೂ ಒದೆಯುತ್ತದೆ. ಅವರಿಗೆ ಕೊಡುವುದೂ ಹೊತ್ತಿಗೊಂದು ಚೊಂಬು. ನನ್ನ ಮದುವೆಯ ಮರುದಿನದಿಂದ ಆ ಹಾಲೆಲ್ಲ ನನ್ನ ಹೆಸರಿನಲ್ಲಿ ಹೆಪ್ಪುಗಟ್ಟತೊಡಗಿತು. ಮನೆಯವರು ಚಹಾಕ್ಕೆ ಪ್ಯಾಕೆಟ್ ಹಾಲು ತಂದರು. ಮಕ್ಕಳು ಪಾತ್ರೆಯ ಮುಚ್ಚಳ ಮುಟ್ಟಿದರೆ "ಅದು ಮಾವನಿಗೆ" ಎಂದು ಗದರಿಕೆ. ಯಾವುದಾದರೂ ಭಾನುವಾರ ನಾನು ಹೋಗದಿದ್ದರೆ ಮೊಸರು ಸ್ಟೀಲು ಡಬ್ಬಿಯಲ್ಲಿ ಬಸ್ಸು ಹತ್ತಿ ಉಪ್ಪಳಕ್ಕೇ ಬರುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಮೊಸರಿನವರು ಎಲ್ಲಿ?" ಎಂದು ಪೇಟೆಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಕೀರ್ತಿ ಹಬ್ಬಲು ಎಷ್ಟು ಹೊತ್ತು? ನೆಂಟರ ಮದುವೆಗಳಲ್ಲಿ ಮೊಸರು ಬಡಿಸುವವರು ಇಡೀ ಪಂಕ್ತಿಯನ್ನು ದಾಟಿ ಮೊದಲು ನನ್ನ ಎಲೆಗೆ ಬರುತ್ತಿದ್ದರು. ಹೆಂಡತಿಯ ದೊಡ್ಡಪ್ಪ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯ ಮೊಸರು ಯಾಕೆ ನೂಲು ನೂಲಾಗುತ್ತದೆ ಎಂದು ಕೇಳಿದರು. "ಹೆಪ್ಪು ಬದಲಿಸಿ" ಎಂದು ಗಂಭೀರವಾಗಿ ಹೇಳಿದೆ. ಸರಿಯಾಯಿತಂತೆ! ಅಲ್ಲಿಗೆ ನಾನು ತಜ್ಞನೂ ಆದೆ. ಸತ್ಯ ಗೊತ್ತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಮೊಸರು ಮೊಸರಿನಂತೆ ಕಾಣದ ಹಾಗೆ ಮಾಡಿ ಉಣ್ಣುವುದು ನನ್ನ ವಿದ್ಯೆಯಾಯಿತು. ಹಲಸಿನ ಹಪ್ಪಳ ಪುಡಿಮಾಡಿ ಅದರ ಮೇಲೆ ಹೊದೆಸಿದೆ. ಅವಲಕ್ಕಿ, ಬೆಲ್ಲ ಕಲಸಿದೆ. ಬಾಳೆಹಣ್ಣು ಹಿಸುಕಿದೆ. ಒಂದು ಸಲ ಬೇಕರಿಯ ಖಾರ ಮಿಕ್ಸ್ಚರನ್ನು ಜೇಬಿನಲ್ಲಿ ಒಯ್ದು ಗುಟ್ಟಾಗಿ ಎಲೆಗೆ ಸುರಿದೆ. ಭಾವ ನೋಡಿಬಿಟ್ಟ. ಮುಂದಿನ ವಾರ ಹೋದರೆ ಮನೆಮಂದಿಯೆಲ್ಲ ಪ್ಯಾಕೆಟ್ ಮೊಸರಿಗೆ ಮಿಕ್ಸ್ಚರ್ ಹಾಕಿಕೊಂಡು ಉಣ್ಣುತ್ತಿದ್ದರು, ಬಲ್ಲವರ ಕ್ರಮ ಎಂದು.

ಒಂದು ಎಪ್ರಿಲಿನ ಮಧ್ಯಾಹ್ನ ಬಸ್ಸಿಳಿದು ಬಿಸಿಲಲ್ಲಿ ನಡೆದು ಸುಸ್ತಾಗಿ ತಲುಪಿದೆ. ಕರೆಂಟು ಇರಲಿಲ್ಲ. ಅತ್ತೆ ತಣ್ಣನೆಯ ಕುಚ್ಚಲಕ್ಕಿ ಗಂಜಿಗೆ ಮೊಸರು ಹೊಯ್ದು, ಉಪ್ಪು ಮತ್ತು ಜಜ್ಜಿದ ಗಾಂಧಾರಿ ಮೆಣಸು ಹಾಕಿ ಬಟ್ಟಲನ್ನು ಮುಂದಿಟ್ಟರು. ಕಣ್ಣು ಮುಚ್ಚಲು ಮರೆತೆ. ಬಟ್ಟಲು ಬರಿದಾದ ಮೇಲೆ "ಇನ್ನು ಸ್ವಲ್ಪ ಉಂಟಾ?" ಎಂದು ಕೇಳಿದ ದನಿ ನನ್ನದೇ ಎಂದು ತಿಳಿದು ಬೆಚ್ಚಿಬಿದ್ದೆ. ಇಷ್ಟು ವರ್ಷ ಎಂಥ ಸುಖವನ್ನು ಉಸಿರು ಹಿಡಿದು ನುಂಗಿದೆ ಎಂದು ನಿಜಕ್ಕೂ ದುಃಖವಾಯಿತು. ಆದರೆ ಹೇಳುವುದು ಯಾರಿಗೆ? ಮೊಸರೆಂದರೆ ಪ್ರಾಣ ಬಿಡುವವನೆಂದು ಊರೇ ನಂಬಿದವನು ಎದ್ದುನಿಂತು "ನನಗೆ ಮೊಸರು ಇಷ್ಟವಾಯಿತು" ಎಂದರೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಆಮೇಲೆ ಅತ್ತೆಯ ಮೊಣಕಾಲು ನೋವು ಹೆಚ್ಚಾಯಿತು. ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತರೆ ಏಳಲು ಇಬ್ಬರು ಹಿಡಿಯಬೇಕು. "ದನವನ್ನು ಮಾರಿಬಿಡುವ" ಎಂದ ಭಾವ. "ಅಳಿಯನಿಗೆ ಮೊಸರು?" ಎಂದರು ಅತ್ತೆ. ಭಾವ ನನ್ನನ್ನು ಅಂಗಳದ ಮೂಲೆಗೆ ಕರೆದ.

"ಭಾವಾ, ಪ್ಯಾಕೆಟ್ ಮೊಸರು ಸಾಕೂಂತ ಊಟಕ್ಕೆ ಕೂತಾಗ ನೀವೊಂದು ಮಾತು ಹೇಳಿ. ನೀವು ಹೇಳಿದ್ರೆ ಅಮ್ಮ ಕೇಳ್ತಾರೆ. ಅವರ ಅವಸ್ಥೆ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೇ."

ನ್ಯಾಯದ ಮಾತು. ಅತ್ತೆಗೆ ಮೊದಲೇ ತಿಳಿಸುವುದು ಮರ್ಯಾದೆ ಎಂದು ದನದ ಹಟ್ಟಿಗೆ ಹೋದೆ. ಅವರು ದನದ ಕುತ್ತಿಗೆ ತುರಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ನಿಮಗೆ ಮೊಸರು ಆಗುದಿಲ್ಲಾಂತ ನಂಗೆ ಮೊದಲನೇ ದಿನವೇ ಗೊತ್ತುಂಟು" ಎಂದರು. "ಕಣ್ಣು ಮುಚ್ಚಿ ನುಂಗಿದ್ದು ನಾನು ನೋಡ್ಲಿಲ್ವಾ?"

"ಮತ್ತೆ ಯಾಕೆ ಬಡಿಸಿದ್ದು ಅತ್ತೇ?"

"ಎಂತ ಮಾಡುದು? ಆಗಲೇ ಇದನ್ನು ಮಾರುವ ಮಾತು ಇತ್ತು. ಮುದುಕಿಗೆ ದನ ಬೇಕು ಅಂದ್ರೆ ಯಾರು ಕೇಳ್ತಾರೆ? ಅಳಿಯನಿಗೆ ಮೊಸರು ಬೇಕು ಅಂದ್ರೆ ಎಲ್ಲರ ಬಾಯಿ ಬಂದ್." ಅವರು ದನದ ಕಿವಿಯ ಹಿಂದೆ ಕೈಯಿಟ್ಟರು. "ಇದು ನನ್ನ ಕೈಯಲ್ಲಿ ಹುಟ್ಟಿದ್ದು. ಇದರ ಅಮ್ಮನೂ. ನಿಮಗೆ ತುಂಬ ಕಷ್ಟ ಕೊಟ್ಟೆ."

ನನಗೆ ಸಿಟ್ಟು, ನಗು, ಅಳು ಒಟ್ಟೊಟ್ಟಿಗೆ ಬಂದವು. "ಅತ್ತೇ, ಈಗ ನನಗೆ ನಿಜವಾಗಿ ಇಷ್ಟ" ಎಂದೆ.

"ಇರಲಿ, ಇರಲಿ. ನೀವು ಒಳ್ಳೆಯವರು" ಎಂದು ಕಣ್ಣೊರೆಸಿಕೊಂಡರು.

ಊಟಕ್ಕೆ ಕೂತಾಗ ಭಾವ ನನ್ನ ಕಡೆ ನೋಡಿ ಕೆಮ್ಮಿದ. "ಪ್ಯಾಕೆಟಿನದ್ದು ನನಗೆ ಆಗುದೇ ಇಲ್ಲ ಭಾವಾ" ಎಂದೆ. "ದನ ಇರಲಿ. ಅತ್ತೆ ಕೆಳಗೆ ಕೂರದ ಹಾಗೆ ಎಂತಾದರೂ ಮಾಡುವ." ಭಾವ ಒಂದು ಕ್ಷಣ ನನ್ನನ್ನು ಕೊಲ್ಲುವ ಹಾಗೆ ನೋಡಿದ. ಆದರೂ ಅಳಿಯನ ಮಾತು. ಹಟ್ಟಿಯಲ್ಲಿ ಸಿಮೆಂಟಿನ ಕಟ್ಟೆ ಎದ್ದಿತು. ಈಗ ಗಿಡ್ಡ ದನ ಸಭೆಯ ಅಧ್ಯಕ್ಷರ ಹಾಗೆ ಕಟ್ಟೆಯ ಮೇಲೆ ನಿಲ್ಲುತ್ತದೆ, ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕರೆಯುತ್ತಾರೆ.

ನನ್ನ ಗತಿ? ಅತ್ತೆ ಎಲ್ಲರ ಮುಂದೆ ಸೌಟನ್ನು ಎತ್ತರಕ್ಕೆ ಎತ್ತಿ, ದೊಡ್ಡದಾಗಿ ಬಗ್ಗಿಸಿ, ನನ್ನ ಎಲೆಗೆ ಒಂದೇ ಒಂದು ಚಮಚದಷ್ಟು ಮೊಸರು ಬೀಳುವಂತೆ ನೋಡಿಕೊಳ್ಳುತ್ತಾರೆ. ಅದು ಅವರ ಕೃತಜ್ಞತೆ. ಕಳೆದ ಭಾನುವಾರ ತಡೆಯಲಾಗಲಿಲ್ಲ. ಕೈತೊಳೆಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ, ಮೊಸರಿನ ಪಾತ್ರೆಯ ಮುಚ್ಚಳ ತೆಗೆದು, ಸೌಟು ಬಾಯಿಯ ಹತ್ತಿರ ತಂದಿದ್ದೆ. ಅತ್ತೆ ಹಿಂದಿನಿಂದ ಬಂದು ಅದನ್ನು ಮೆಲ್ಲನೆ ನನ್ನ ಕೈಯಿಂದ ಬಿಡಿಸಿಕೊಂಡರು.

"ಬೇಡ" ಎಂದು ಪಿಸುಗುಟ್ಟಿದರು. "ಇಲ್ಲಿ ಯಾರೂ ನೋಡುವವರಿಲ್ಲ."