ವಾಸನೆ ಬಂದರೆ ಗಾಡಿ ಓಡಿಸಬೇಡಿ

ಮೂಡಲಗಿಯ ಬೆಲ್ಲದ ಪೇಟೆಯಲ್ಲಿ ಯಾಕೂಬನ ಮೂಗಿಗೆ ಇದ್ದ ಮರ್ಯಾದೆ ನಮ್ಮಂಥ ವ್ಯಾಪಾರಿಗಳ ನಾಲಿಗೆಗೆ ಎಂದೂ ಇರಲಿಲ್ಲ. ಅದು ನ್ಯಾಯವೇ. ನಮ್ಮ ನಾಲಿಗೆ ಕೊಳ್ಳುವಾಗ ಒಂದು ಹೇಳುತ್ತದೆ, ಮಾರುವಾಗ ಇನ್ನೊಂದು. ಯಾಕೂಬನ ಮೂಗು ಎರಡೂ ಹೊತ್ತು ಒಂದೇ ಮಾತು ಹೇಳುತ್ತಿತ್ತು.

ಕಸುಬಿನಿಂದ ಅವನು ಡ್ರೈವರ್. ಬಿಳಿ ಬಣ್ಣದ ಪೆಟ್ರೋಲ್ ವ್ಯಾನು ಅವನದು. ಮುಂಜಾನೆ ಮಸಗುಪ್ಪಿ, ಮೇಲವಂಕಿ ಕಡೆಯ ಜನರನ್ನು ತುಂಬಿಕೊಂಡು ಬರುತ್ತಾನೆ, ಸಂಜೆ ಅವರನ್ನೇ ತುಂಬಿಕೊಂಡು ಹೋಗಿ ಬಿಡುತ್ತಾನೆ. ನಡುವಿನ ಹೊತ್ತಿನಲ್ಲಿ ಹಿಂದಿನ ಸೀಟು ಮಡಚಿ ನಮ್ಮ ಬೆಲ್ಲ ಹೇರುತ್ತಾನೆ. ಹೇರುತ್ತ ಹೇರುತ್ತಲೇ ಅವನಿಗೆ ಬೆಲ್ಲ ಮೂಸುವ ವಿದ್ಯೆ ಹತ್ತಿತು. ಪೆಂಟೆಯ, ಅಂದರೆ ಬೆಲ್ಲದ ಅಚ್ಚಿನ, ಮೂಲೆ ಮುರಿದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದನೆಂದರೆ, ಪಾಕ ಸೀದಿದೆಯೋ, ಸಕ್ಕರೆ ಬೆರೆತಿದೆಯೋ, ಬಣ್ಣ ಬರಲೆಂದು ಹಾಕುವ ಪುಡಿ ಹೆಚ್ಚಾಗಿದೆಯೋ ಹೇಳಿಬಿಡುತ್ತಿದ್ದ. ನನ್ನ ಅಂಗಡಿಯಲ್ಲಿ ಗಾದಿಯ ಬದಿಗೇ ಅವನಿಗೆ ಜಾಗ, ಮೊದಲ ಚಹಾ ಅವನಿಗೆ. ಉಳಿದ ಡ್ರೈವರುಗಳು ಕಟ್ಟೆಯ ಕೆಳಗೆ ನಿಂತು ಬಾಡಿಗೆ ಕೇಳುತ್ತಿದ್ದರು. ಇವನು ಮೇಲೆ ಕೂತು ತೀರ್ಪು ಕೊಡುತ್ತಿದ್ದ.

ಆ ದೊಡ್ಡ ರೋಗ ಎರಡನೆಯ ಸಲ ಊರಿಗೆ ಬಂದಾಗ ಯಾಕೂಬ ಹಾಸಿಗೆ ಹಿಡಿದ. ದೇವರು ದೊಡ್ಡವನು, ಎದ್ದು ಬಂದ. ಮೂಗು ಮಾತ್ರ ಬರಲಿಲ್ಲ.

ಇದು ಈಗ ಊರಿಗೆಲ್ಲ ಗೊತ್ತು. ಆಗ ಗೊತ್ತಿದ್ದದ್ದು ಅವನ ಹೆಂಡತಿ ಮುಮ್ತಾಜಳೊಬ್ಬಳಿಗೆ. ಹುಕ್ಕೇರಿಯಿಂದ ಬಂದ ಹೆಣ್ಣುಮಗಳು. ಮಾತು ಕಡಿಮೆ, ನೋಟ ಜಾಸ್ತಿ. ಒಲೆಯ ಮೇಲೆ ಹಾಲು ಸೀದು ಮನೆ ತುಂಬ ನಾತ ಹೊಡೆಯುತ್ತಿದ್ದಾಗ ಅಲ್ಲೇ ಗೋಡೆಗೆ ಒರಗಿ ಕೂತಿದ್ದ ಗಂಡ "ಚಹಾ ಆತೇನ?" ಎಂದು ಕೇಳಿದನಂತೆ. ಅವಳಿಗೆ ಎಲ್ಲ ತಿಳಿಯಿತು.

"ಯಾರ ಮುಂದೂ ಹೇಳಬ್ಯಾಡ," ಎಂದ ಯಾಕೂಬ. "ಮೂಗು ಹೋದ ಮ್ಯಾಲ ನಾ ಏನು? ಬರೇ ಡ್ರೈವರ್."

"ನಾ ಡ್ರೈವರ್‌ನ್ನ ಲಗ್ನ ಆಗಿದ್ದು. ಮೂಗನ್ನಲ್ಲ," ಎಂದಳು ಮುಮ್ತಾಜ. ಆದರೂ ಬಾಯಿ ಬಿಡಲಿಲ್ಲ.

ಮೂಗಿಲ್ಲದೆ ಅವನು ಬೆಲ್ಲ ಮೂಸಿದ್ದು ಹೇಗೆ ಎಂದು ನೀವು ಕೇಳಬಹುದು. ನಾನೂ ಆಮೇಲೆ ಕೇಳಿದೆ. ಬಣ್ಣ ನೋಡುತ್ತಿದ್ದ, ಚೂರನ್ನು ಬೆರಳಲ್ಲಿ ತಿಕ್ಕುತ್ತಿದ್ದ, ಮುರಿದಾಗಿನ ಸಪ್ಪಳ ಕೇಳುತ್ತಿದ್ದ. ಇಷ್ಟಕ್ಕೂ ತಿಳಿಯದಿದ್ದರೆ, ಮುಚ್ಚಿದ ಕಣ್ಣುಗಳಲ್ಲಿ ಒಂದನ್ನು ಎಳ್ಳಿನಷ್ಟು ತೆರೆದು ನನ್ನ ಮುಖ ನೋಡುತ್ತಿದ್ದ. ನಾನು ಆ ಬೆಲ್ಲ ಕೊಳ್ಳುವ ಆಸೆಯಲ್ಲಿದ್ದೇನೋ ಬಿಡುವ ಆಸೆಯಲ್ಲಿದ್ದೇನೋ ನೋಡಿಕೊಂಡು ಅದನ್ನೇ ತನ್ನ ಮೂಗಿನ ತೀರ್ಪು ಎಂದು ಹೇಳುತ್ತಿದ್ದ. ಅವನ ಮೂಗಿನ ಮೇಲೆ ನನಗೆ ಅಷ್ಟು ಭರವಸೆ ಯಾಕಿತ್ತೆಂದು ಈಗ ಅರ್ಥವಾಗುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳುವವರು ಪೇಟೆಯಲ್ಲಿ ಬೇರೆ ಯಾರಿದ್ದರು?

ಹೀಗೆ ನಡೆಯುತ್ತಿದ್ದಾಗ ವ್ಯಾನ್ ಮಾಡಿದ ಕಂಪನಿಯಿಂದ ಕಳೆದ ವರ್ಷ ಯಾಕೂಬನ ಫೋನಿಗೆ ಸಂದೇಶ ಬಂತು. ಅವನ ವ್ಯಾನ್ ತಯಾರಾದ ಸಾಲಿನ ಗಾಡಿಗಳಲ್ಲಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮುವ ಇಂಜೆಕ್ಟರುಗಳು ಸೋರುವ ಸಂಭವವಿದೆ, ಬೆಂಕಿ ಹತ್ತಬಹುದು, ಬೆಳಗಾವಿಯ ಸರ್ವಿಸ್ ಕೇಂದ್ರಕ್ಕೆ ತನ್ನಿರಿ, ಪುಕ್ಕಟೆ ಬದಲಿಸಿ ಕೊಡುತ್ತೇವೆ, ಪೆಟ್ರೋಲಿನ ವಾಸನೆ ಬಂದರೆ ಗಾಡಿ ಓಡಿಸಬೇಡಿ ಎಂದು ಅದರಲ್ಲಿತ್ತು.

ಅಂಥದ್ದೇ ವ್ಯಾನ್ ಇಟ್ಟುಕೊಂಡ ಗುರುರಾಜ ಎಂಬ ಇನ್ನೊಬ್ಬ ಡ್ರೈವರ್ ಮರುದಿನವೇ ಬೆಳಗಾವಿಗೆ ಹೋಗಿ ಕೆಲಸ ಮಾಡಿಸಿಕೊಂಡು ಬಂದ. ಬಂದವನು ಸುಮ್ಮನಿರುವ ಜಾತಿಯಲ್ಲ. ನನ್ನ ಕಟ್ಟೆಯ ಮುಂದೆಯೇ ಸುರುಮಾಡಿದ.

"ಯಾಕೂಬಭಾಯಿ, ನಾಳೆ ಹೋಗಿ ಬರ್ರಿ. ಚಹಾ ಸುದ್ದಾ ಕೊಡ್ತಾರ."

"ಪುಕ್ಕಟೆ ಬದಲಿ ಮಾಡ್ತಾರ, ಮ್ಯಾಲ ಚಹಾ ಬ್ಯಾರೆ ಕೊಡ್ತಾರ. ಅಂದ್ರ ನಿನ್ನ ಗಾಡ್ಯಾಗಿಂದ ಏನೋ ಚಲೋದು ತಗೊಂಡಿರಬೇಕು, ನೋಡ್ಕೋ."

"ಎಂಜಿನ್ ಎಲ್ಲೈತ್ರಿ ನಮ್ಮ ಗಾಡ್ಯಾಗ? ಡ್ರೈವರ್ ಸೀಟಿನ ಬುಡಕ! ಹತ್ತಿದ್ರ ಮೊದಲ ಎಲ್ಲಿ ಹತ್ತೈತಿ ಗೊತ್ತೈತೇನು?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಯಾಕೂಬ ನಗಲಿಲ್ಲ. "ಸೋರಿದ್ರ ನನ್ನ ಮೂಗಿಗೆ ತಿಳಿಯೂದಿಲ್ಲೇನ್ಲೇ? ವಾಸನಿ ಬಂದ್ರ ಓಡಸಬ್ಯಾಡ್ರಿ ಅಂತ ಕಂಪನಿಯವರ ಹೇಳ್ಯಾರ. ನನಗ ವಾಸನಿ ಬಂದಿಲ್ಲ."

ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವನು ಸುಳ್ಳು ಹೇಳುವವನೇ ಅಲ್ಲ.

ಒಮ್ಮೆ ಹೀಗೆ ನಾಲ್ಕು ಜನರ ಎದುರು ಹೇಳಿದ ಮೇಲೆ ಬೆಳಗಾವಿಯ ದಾರಿ ಅವನಿಗೆ ಮುಚ್ಚಿಹೋಯಿತು. ಹೋದರೆ ಮೂಗಿನ ಮಾತು ಸುಳ್ಳಾದಂತೆ. ಮನೆಯಲ್ಲಿ ಮುಮ್ತಾಜ ದಿನಾ ಹೇಳಿದಳು. ನಾಳೆ, ನಾಡಿದ್ದು, ಸಂತೆ ಮುಗಿಯಲಿ ಎಂದ. ಸಂತೆಗಳೇನು, ಮುಗಿಯುತ್ತಲೇ ಇರುತ್ತವೆ, ಬರುತ್ತಲೇ ಇರುತ್ತವೆ.

ಅಷ್ಟರಲ್ಲಿ ವ್ಯಾನು ನಿಜಕ್ಕೂ ಸೋರಲು ಹತ್ತಿತು. ಮೊದಲು ಸಣ್ಣಗೆ, ಬೆಳಿಗ್ಗೆ ಚಾಲೂ ಮಾಡುವಾಗ ಮಾತ್ರ. ಗಾಡಿಯಲ್ಲಿ ಕೂತವರಿಗೆ ವಾಸನೆ ಬರುತ್ತಿತ್ತು. ಬೇರೆ ಯಾರದೇ ಗಾಡಿಯಾಗಿದ್ದರೆ ಬೈದು ಇಳಿದುಬಿಡುತ್ತಿದ್ದರು. ಆದರೆ ಇದು ಯಾಕೂಬನ ಗಾಡಿ. ಇಡೀ ಪೇಟೆಗೆ ಬೆಲ್ಲ ಮೂಸಿ ಕೊಡುವವನು ಸೀಟಿನ ಮೇಲೆ ನಿಶ್ಚಿಂತೆಯಾಗಿ ಕೂತಿರುವಾಗ, ನಮ್ಮ ಮೂಗೇ ಎಲ್ಲೋ ತಪ್ಪಿರಬೇಕು ಎಂದುಕೊಂಡರು. ಮಸಗುಪ್ಪಿಯಿಂದ ಕಾಯಿಪಲ್ಲೆ ಮಾರಲು ಬರುವ ಕಾಶೆವ್ವ ಎಂಬ ಮುದುಕಿಯಂತೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂರುತ್ತಿದ್ದಳು. ಕೇಳಿದರೆ ನೆಗಡಿ ಎನ್ನುತ್ತಿದ್ದಳು. ಮನುಷ್ಯನ ಮನಸ್ಸು ನೋಯಿಸಬಾರದಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಕತೆ ತಿಳಿಯುವುದಿಲ್ಲ. ಪ್ರತಿ ಗುರುವಾರ ಸಂಜೆ ಯಾಕೂಬ ಗಾಡಿಗೆ ಲೋಬಾನ ಹಾಕುತ್ತಾನೆ. ಧೂಪದಾನಿಯಲ್ಲಿ ನಿಗಿನಿಗಿ ಕೆಂಡ, ಅದರ ಮೇಲೆ ಲೋಬಾನದ ಪುಡಿ. ಡ್ರೈವರ್ ಸೀಟು ಎತ್ತಿ ಹಿಡಿದು ಎಂಜಿನ್ನಿಗೆ ಹೊಗೆ ಕೊಡುತ್ತಾನೆ. ಬರೀ ಗಾಲಿಗೆ, ಗಾಜಿಗೆ ಕೊಟ್ಟರೆ ಅವನಿಗೆ ಸಮಾಧಾನವಿಲ್ಲ. ದುಡಿಯುವುದು ಎಂಜಿನ್ನು, ದೇವರ ಬರಕತ್ತು ಅದಕ್ಕೆ ಸಿಗಬೇಕು. ಅಮಾವಾಸ್ಯೆಗೆ ಕಾಶೆವ್ವ ಅದೇ ಎಂಜಿನ್ನಿನ ಮುಂದೆ ಕರ್ಪೂರ ಬೆಳಗುತ್ತಾಳೆ. ಎರಡು ಧರ್ಮದವರು ಕೂಡಿ ಆ ಎಂಜಿನ್ನನ್ನು ಕಾಪಾಡುತ್ತಿದ್ದರು. ಮೆಕ್ಯಾನಿಕ್ ಒಬ್ಬನನ್ನು ಮಾತ್ರ ಯಾರೂ ಕರೆದಿರಲಿಲ್ಲ.

ಆ ಗುರುವಾರ ಮಕ್ಕಳಿಗೆ ಸೂಜಿ ಹಾಕುವ ದಿನ. ಕಾಶೆವ್ವ ತನ್ನ ಮೊಮ್ಮಗಳು ಭಾಗ್ಯಾಳನ್ನೂ ಅವಳ ಎಳೆಗೂಸನ್ನೂ ಆಸ್ಪತ್ರೆಗೆ ಕರೆತಂದಿದ್ದಳು. ಸಂಜೆ ಮೂವರೂ ನನ್ನ ಅಂಗಡಿಯ ಮುಂದೆ ನಿಂತಿದ್ದ ವ್ಯಾನಿನಲ್ಲಿ ಕೂತರು. ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು.

ಯಾಕೂಬ ನನ್ನ ಗಾದಿಯ ಬದಿಗಿದ್ದ. ರೈತನೊಬ್ಬ ಬೆಲ್ಲ ತಂದು ಎದುರಿಗೇ ನಿಂತಿದ್ದ. ಯಾಕೂಬ ಬರುವ ಮುಂಚೆಯೇ ನಮ್ಮ ಹಮಾಲ ಸಿದ್ರಾಯ ನೆಲ ಒರೆಸುವ ಭರದಲ್ಲಿ ಫಿನಾಯಿಲ್ ನೀರಿನ ಬಕೆಟ್ಟನ್ನು ಎಡವಿ ರೈತನ ಒಂದು ಪೆಂಟೆಯನ್ನು ತೋಯಿಸಿಬಿಟ್ಟಿದ್ದ. ಯಾಕೂಬ ಎಲ್ಲ ಬಿಟ್ಟು ಅದನ್ನೇ ಮುರಿದು ಮೂಗಿಗೆ ಹಿಡಿದ, ಕಣ್ಣು ಮುಚ್ಚಿದ. ನಾನು ಮುಖವನ್ನು ಗೋಡೆಯಂತೆ ಇಟ್ಟುಕೊಂಡಿದ್ದೆ. ಮಾರುವವನು ಎದುರಿಗಿದ್ದಾಗ ವ್ಯಾಪಾರಿಯ ಮುಖದಲ್ಲಿ ಏನೂ ಇರಬಾರದು. ಪಾಪ, ಯಾಕೂಬನಿಗೂ ಅಲ್ಲಿ ಏನೂ ಸಿಗಲಿಲ್ಲ.

"ಏಲಕ್ಕಿ ಹಾಕಿಧಂಗ ಐತ್ರಿ," ಎಂದು ಹೇಳಿ, ಚಹಾ ಮುಗಿಸಿ, ಲೋಬಾನ ಹಾಕಲು ಇಳಿದುಹೋದ.

ನನಗೆ ನಗು ತಡೆಯಲಾಗಲಿಲ್ಲ. ಇವನು ರೈತನ ಮನಸ್ಸು ಕಾಯಲು ಹಾಗೆ ಹೇಳಿದನೆಂದುಕೊಂಡು, ಸ್ವಲ್ಪ ಕಾಡಿಸೋಣ ಎಂದು ಹಿಂದೆಯೇ ಹೋದೆ. ವ್ಯಾನಿನ ಬಾಗಿಲ ಹತ್ತಿರ ಬಂದದ್ದೇ ನಗು ನಿಂತಿತು. ಪೆಟ್ರೋಲು! ಕಣ್ಣಲ್ಲಿ ನೀರು ಬರುವಷ್ಟು. ಯಾಕೂಬನ ಬಲಗೈಯಲ್ಲಿ ಕೆಂಡದ ಧೂಪದಾನಿ, ಎಡಗೈ ಸೀಟಿನ ಕೆಳಗೆ.

"ಯಾಕೂಬ, ತಡಿ! ಪೆಟ್ರೋಲ್ ನಾರಾಕತ್ತೈತಿ."

"ಈಗ ಬಂಕಿನ್ಯಾಗ ಹಾಕಿಸ್ಕೊಂಡ್ ಬಂದೇನ್ರಿ. ಕೈಗೆ ಹತ್ತಿರಬೇಕು."

"ಕೈಗಲ್ಲೋ, ಕಣ್ಣಿಗೆ ಹತ್ತಾಕತ್ತೈತಿ."

"ನನ್ನ ಮೂಗಿಗೆ ಬರವಲ್ದಲ್ರಿ ಸಾವ್ಕಾರ್ರ."

ಎಲ್ಲರ ಬಾಯಿ ಮುಚ್ಚಿಸಿದ ಮಾತು ಅದು. ನಿಜ ಹೇಳಬೇಕೆಂದರೆ ನನ್ನದೂ ಅರೆಗಳಿಗೆ ಮುಚ್ಚಿತು. ಆಮೇಲೆ ಅವನ ಬಲಗೈ ಮಣಿಕಟ್ಟು ಹಿಡಿದು, ಯಾರಿಗೂ ಕೇಳದಂತೆ ಕೇಳಿದೆ: "ಈಗ ಮೂಸಿದೆಲ್ಲ, ಆ ಬೆಲ್ಲದ್ದು ಏನ್ ವಾಸನಿ ಇತ್ತು?"

"ಬೆಲ್ಲದ್ದರಿ."

"ಫಿನಾಯಿಲ್‌ದು ಇತ್ತಲ್ಲೋ, ಮಾರಾಯಾ."

ಯಾಕೂಬ ಧೂಪದಾನಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ. ನಾನು ಅವನನ್ನು ಮೂವತ್ತು ವರ್ಷದಿಂದ ಬಲ್ಲೆ. ಅಂಥ ಮುಖ ನೋಡಿರಲಿಲ್ಲ. ಇನ್ನೊಂದು ಸುಳ್ಳಲ್ಲದ ಮಾತನ್ನು ಹುಡುಕುತ್ತಿದ್ದನೆಂದು ಕಾಣುತ್ತದೆ. ಗಾಡಿಯೊಳಗಿಂದ ಕಾಶೆವ್ವ ಕೂಗಿದಳು, "ಏನ್ ಗುಸುಗುಸು ಹಚ್ಚೀರಿ? ಬಿರೀನ ಹೊಗಿ ಹಾಕು ಯಾಕೂಬ, ಕೂಸು ಎದ್ರ ಊರ ತನಕ ಅಳತೈತಿ."

ಅವನು ಒಳಗೆ ನೋಡಿದ. ಭಾಗ್ಯಾಳ ತೊಡೆಯ ಮೇಲೆ ಕೂಸು ಬಾಯಿ ತೆರೆದು ಮಲಗಿತ್ತು. ಯಾಕೂಬ ಎಡಗೈಯನ್ನು ಮೆಲ್ಲಗೆ ಸೀಟಿನ ಕೆಳಗಿನಿಂದ ತೆಗೆದ. ಬೆನ್ನು ತಿರುಗಿಸಿ ಧೂಪದಾನಿಯನ್ನು ಎದೆಗೆ ಹತ್ತಿರ ಹಿಡಿದು ರಸ್ತೆ ದಾಟಿ ಆಚೆಯ ನಲ್ಲಿಯವರೆಗೂ ನಡೆದ, ನೀರಿನ ಕೆಳಗೆ ಹಿಡಿದ. ಕೆಂಡ ಚುಸ್ಸೆಂದದ್ದು ಈಚೆಗೂ ಕೇಳಿಸಿತು. ತಿರುಗಿ ಬಂದು ಬಾಗಿಲು ಸರಿಸಿದ.

"ಇಳೀರಿ ಯವ್ವಾ. ಕೂಸಿನ್ನ ಮೊದಲ ಕೊಡ್ರಿ."

"ಯಾಕೋ?"

"ಪೆಟ್ರೋಲ್ ಸೋರಾಕತ್ತೈತಿ. ನನಗ ವಾಸನಿ ಬರೂದಿಲ್ರಿ ಯವ್ವಾ. ಆ ಬ್ಯಾನಿ ಬಂದು ಹೋದಾಗಿಂದ ಬರೂದಿಲ್ಲ. ಪೆಟ್ರೋಲ್‌ದೂ ಇಲ್ಲ, ಬೆಲ್ಲದ್ದೂ ಇಲ್ಲ."

ಇದನ್ನು ಅವನು ಮೆಲ್ಲಗೆ ಹೇಳಲಿಲ್ಲ. ಕಟ್ಟೆಯ ಮೇಲಿದ್ದವರು, ರೈತ, ಸಿದ್ರಾಯ, ದೂರದಲ್ಲಿ ಗಾಡಿ ತೊಳೆಯುತ್ತಿದ್ದ ಗುರುರಾಜ, ಎಲ್ಲರಿಗೂ ಕೇಳುವಂತೆ ಹೇಳಿದ. ಕೂಸನ್ನು ತಾನೇ ಎತ್ತಿಕೊಂಡು ಬಂದು ನನ್ನ ಗಾದಿಯ ಮೇಲೆ ಮಲಗಿಸಿದ.

ಕಾಶೆವ್ವ ಇಳಿದು, ಸೆರಗು ಸರಿಮಾಡಿಕೊಂಡು ಅವನ ಕಡೆ ತಿರುಗಿದಳು. "ಅಂದ್ರ ಇಷ್ಟ ದಿವಸ ನನಗ ಬರ್ತಿದ್ದ ವಾಸನಿ ಖರೇನ ಇತ್ತು?"

"ಖರೇನ ಇತ್ರಿ."

"ನನ್ನ ಮೂಗು ಕೆಟ್ಟೈತಿ ಅಂತ ರಾತ್ರಿಗೊಮ್ಮೆ ಎಣ್ಣಿ ಬಿಟ್ಕೊಳ್ಳಾಕತ್ತಿದ್ನಲ್ಲೋ, ಭಾಡ್ಯಾ!"

ಮುದುಕಿಯನ್ನೂ ತಾಯಿ ಮಗುವನ್ನೂ ಗುರುರಾಜ ತನ್ನ ಗಾಡಿಯಲ್ಲಿ ಮಸಗುಪ್ಪಿಗೆ ಮುಟ್ಟಿಸಿದ. ಕಂಪನಿಗೆ ಫೋನ್ ಹಚ್ಚಿದವನೂ ಅವನೇ. ಮರುದಿನ ಅವರೇ ಬಂದು ವ್ಯಾನನ್ನು ಹೇರಿಕೊಂಡು ಬೆಳಗಾವಿಗೆ ಒಯ್ದರು, ಯಾಕೂಬನೂ ಜೊತೆಗೆ ಹೋದ. ಗೆದ್ದ ಗುರುರಾಜ ಗೆಲುವನ್ನು ಎತ್ತಿ ಆಡಲಿಲ್ಲ. ಕಂಡಕಂಡವರಿಗೆ ಒಂದೊಂದೇ ಸಲ ಹೇಳಿದ. ಇಂಜೆಕ್ಟರಿನ ಬುಡವೆಲ್ಲ ತೊಯ್ದಿತ್ತಂತೆ. ಅಲ್ಲಿಯ ಮೆಕ್ಯಾನಿಕ್, ಎಂಜಿನ್ನಿನ ತುಂಬ ಈ ಬೂದಿ ಎಲ್ಲಿಂದ ಬಂತು ಎಂದು ಕೇಳಿದನಂತೆ. ಯಾಕೂಬ ಲೋಬಾನದ ವಿಷಯ ಹೇಳಿದ ಮೇಲೆ ಆ ಮನುಷ್ಯ ಸ್ಪ್ಯಾನರ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತುಕೊಂಡನಂತೆ.

ಗಾಡಿ ನೆಟ್ಟಗಾಗಿ ಬಂತು. ಯಾಕೂಬ ಮಾತ್ರ ಪೇಟೆಯ ಕಡೆ ಸುಳಿಯಲಿಲ್ಲ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಗಾಜು ಒರೆಸಿದ್ದನ್ನೇ ಒರೆಸುತ್ತ ಕೂತಿದ್ದಾನೆಂದು ಸುದ್ದಿ ಬಂತು. ನಾನೇ ಹೋದೆ. ಮುಮ್ತಾಜ ಚಹಾ ತಂದಿಟ್ಟು, "ಒಯ್ರಿ ಇವರನ್ನ. ದಿನಪೂರ್ತಿ ಮನ್ಯಾಗ ಕುಂತು ನನ್ನ ಅಡಗಿಗೆ ಉಪ್ಪು ಕಡಿಮಿ ಅಂತಾರ," ಎಂದಳು.

"ಯಾವ ಮುಖ ಹೊತ್ಕೊಂಡು ಬರ್ಲಿ ಸಾವ್ಕಾರ್ರ? ಯಾರು ಕೂಡ್ತಾರ ನನ್ನ ಗಾಡ್ಯಾಗ?"

"ನಾ ಕೂಡ್ತೇನಿ. ಗೋಕಾಕಿಗೆ ಹೋಗೂದೈತಿ. ನಡಿ."

ಗೋಕಾಕಿನಲ್ಲಿ ನನಗೆ ಅಂದು ಯಾವ ಕೆಲಸವೂ ಇರಲಿಲ್ಲ. ಆದರೆ ದಾರಿ ಸ್ಟ್ಯಾಂಡಿನ ಮುಂದೆಯೇ ಹೋಗುತ್ತದೆ, ಅಲ್ಲಿ ಮೇಲವಂಕಿ, ಮಸಗುಪ್ಪಿಯ ಜನ ನಿಂತೇ ಇರುತ್ತಾರೆ. ಯಾಕೂಬ ತಲೆ ಬಗ್ಗಿಸಿ ದಾಟಿಹೋಗಲು ನೋಡಿದ. ಕಾಶೆವ್ವ ಬುಟ್ಟಿಯನ್ನು ರಸ್ತೆಯ ನಡುವೆಯೇ ಇಟ್ಟು ನಿಂತಳು. ಬ್ರೇಕ್ ಹಾಕದೆ ವಿಧಿಯಿರಲಿಲ್ಲ.

"ಮುಂದ ಕುಂತವರು ಯಾರು? ಸಾವ್ಕಾರ್ರ? ಹಿಂದ ಹೋಗ್ರಿ ನೀವು. ಇದು ಇನ್ನ ಮ್ಯಾಲ ನನ್ನ ಸೀಟು."

ನಾನು ಹಿಂದೆ ಹೋದೆ. ಕಾಶೆವ್ವ ಮುಂದೆ ಹತ್ತಿ ಕೂತಳು. ಅವಳ ಹಿಂದೆ ಉಳಿದವರೂ ಬುಟ್ಟಿ, ಚೀಲಗಳೊಂದಿಗೆ ತುಂಬಿಕೊಂಡರು. ನಾನು ಗೋಕಾಕಿನ ಮಾತು ಎತ್ತಲಿಲ್ಲ. ಯಾಕೂಬ ಕೀಲಿಗೆ ಕೈ ಹಾಕಿದ.

"ತಡಿ, ಗಡಿಬಿಡಿ ಮಾಡಬ್ಯಾಡ," ಎಂದಳು ಮುದುಕಿ. ಸೀಟಿನ ಕಡೆ ಬಗ್ಗಿ, ಎರಡೂ ಹೊಳ್ಳೆ ಅರಳಿಸಿ, ಗಾಡಿಯವರಿಗೆಲ್ಲ ಕೇಳುವಂತೆ ಉಸಿರೆಳೆದಳು. ಯಾಕೂಬ ಅವಳ ಮುಖವನ್ನೇ ನೋಡುತ್ತ ಕಾದ.

"ಬಳ್ಳೊಳ್ಳಿ ಖಾರ ತಿಂದೀಯಲ್ಲೋ ಮುಂಜಾನಿ. ಬ್ಯಾರೆ ಏನೂ ಇಲ್ಲ. ಹೊಡಿ ಗಾಡಿ."

ಗಾಡಿಯೆಲ್ಲ ನಕ್ಕಿತು. ಯಾಕೂಬ ಕೀಲಿ ತಿರುವಿದ.