ಖಾಲಿ ಬಿಡು ಎಂದ ಮೇಷ್ಟ್ರು

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಕೀಲಿಗಳ ಮೇಲೆ ಓಡಾಡುವಾಗ ಅದೊಂದು ನೆಟ್ಟಗೆ ನಿಂತಿರುತ್ತಿತ್ತು. ಶಿಡ್ಲಘಟ್ಟದಲ್ಲಿ ಟೈಪಿಂಗ್ ಕಲಿಸುತ್ತಿದ್ದವರು ಆಮೇಲೆ ಅದೇ ಕೋಣೆಯಲ್ಲಿ ಮೂರು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಅಂಗಡಿ ಮಾಡಿದರು. ಆದರೂ ಊರಿಗೆಲ್ಲ ಮೇಷ್ಟ್ರೇ. ಯಾರು ಎದ್ದು ಹೋದರೂ ಆ ಕುರ್ಚಿಯಲ್ಲಿ ಕೂತು, ಹೋದವರು ಕಂಪ್ಯೂಟರಿನಲ್ಲಿ ನೋಡಿದ್ದರ ಗುರುತನ್ನೆಲ್ಲ ಅಳಿಸುತ್ತಿದ್ದರು. "ಉಂಡು ಎದ್ದೋರ ಎಲೆ ಎತ್ತಬೇಕಲ್ಲಪ್ಪ" ಎನ್ನುತ್ತಿದ್ದರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಇಳಿದವನು. ದೊಡ್ಡ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ದಿನ, ಮುಂದೇನು ಓದಬಹುದೆಂದು ತಿಳಿಸುವ ವೆಬ್‌ಸೈಟೊಂದನ್ನು ಅವರಿಂದ ತೆರೆಸಿದೆ. ಅದು ಮೊದಲು ನಮ್ಮನ್ನೇ ಕೇಳಿತು: ಹೆಸರು, ಊರು, ಜಾತಿ, ಮೊಬೈಲ್ ನಂಬರು, ಇನ್ನೂ ಏನೇನೋ. ಮೇಷ್ಟ್ರು ಹೆಸರಷ್ಟೇ ಹೊಡೆದು ಕೈ ತೆಗೆದರು.

"ಮಿಕ್ಕಿದ್ದು ಖಾಲಿ ಬಿಡಪ್ಪ. ಕೇಳ್ತಿರೋರು ಯಾರೂಂತ ನಂಗೂ ಗೊತ್ತಿಲ್ಲ."

"ಯಾಕ್ ಸಾ, ಬರ್ಸೋಕೆ ನಮ್ಮತ್ರ ಏನೂ ಇಲ್ವಾ? ಮೊಬೈಲ್ ಇಟ್ಟಿದೀನಿ. ಎಲ್ಲಾ ತುಂಬ್ಸಿ."

ಅರ್ಜಿಯಲ್ಲಿ ಖಾಲಿ ಜಾಗ ಕಂಡರೆ ನನಗೆ ಅವಮಾನ. "ಸರಿ ಕಣಪ್ಪ, ನಿನ್ ಮಗಳು" ಎಂದು ಮೇಷ್ಟ್ರು ಉಳಿದದ್ದನ್ನೂ ಹೊಡೆದರು.

ವಾರದೊಳಗೆ ಫೋನುಗಳು ಶುರುವಾದವು. ಮಗಳು ಮೇಷ್ಟ್ರ ಅಂಗಡಿಯಲ್ಲಿ ಅದೇ ವೆಬ್‌ಸೈಟು ತೆರೆದು ನರ್ಸಿಂಗ್ ಬಗ್ಗೆ ನೋಡಿ ಮನೆ ಸೇರುವಷ್ಟರಲ್ಲಿ ನರ್ಸಿಂಗ್ ಸೀಟು ಕೊಡಿಸುವವನ ಫೋನು. ಆಸೆ ಇರುವುದನ್ನು ಅವಳು ನಮಗೇ ಇನ್ನೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಯಾವನೋ ಮೇಲೂರಿನ ನಮ್ಮ ಬಾಗಿಲಿಗೇ ಬಂದು ಅವಳ ಹೆಸರು ಹಿಡಿದು ಕರೆದ. ಕೈಯಲ್ಲಿದ್ದ ಹಾಳೆಯಲ್ಲಿ ಅವಳ ಮಾರ್ಕ್ಸೆಲ್ಲ ಅಚ್ಚಾಗಿತ್ತು. ನನ್ನಾಕೆ ಬಾಗಿಲು ಹಾಕಿ, "ಓದಿದ್ದು ಸಾಕು, ಇನ್ನು ಮನೇಲಿರ್ಲಿ" ಎಂದು ಹಟ ಹಿಡಿದಳು.

ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. "ಇಲ್ಲಿರೋದು ಅಳಿಸ್ತೀನಿ ಕಣಪ್ಪ. ಅವ್ರತ್ರ ಹೋಗಿರೋದು ನನ್ ಕೈಗೆ ಸಿಗಲ್ಲ" ಎಂದರು. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ಚಿಕ್ಕಬಳ್ಳಾಪುರದ ಪಿಯು ಕಾಲೇಜಿನಿಂದ ಅರ್ಜಿ ತಂದು, ನನ್ನಾಕೆಯ ಎದುರು ಕೂತು ಕೈಯಾರೆ ಬರೆದರು. "ಮೊದಲ್ನೇ ವಾರ ನಾನೇ ಬಸ್ಸಲ್ಲಿ ಜತೇಗ್ ಹೋಗ್ತೀನಿ ತಾಯಿ." ಹೋದರು ಕೂಡ. ಆಮೇಲೆ ಅಂಗಡಿಗೆ ಬರುವ ಹೆಣ್ಣುಮಕ್ಕಳ ಅರ್ಜಿಗೆಲ್ಲ ತಮ್ಮ ನಂಬರನ್ನೇ ಹಾಕತೊಡಗಿದರು. ದಿನವಿಡೀ ಫೋನು. "ಅವಳ ತಾತ ಕಣಯ್ಯ ನಾನು, ಆ ಸೀಟು ನಂಗೇ ಕೊಡ್ಸು" ಎಂದು ಸಾಗಹಾಕುತ್ತಿದ್ದರು.

ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದ್ದನ್ನು ನೋಡಿಯೇ ತೀರಿಕೊಂಡರು. ನಾನೂ ಹೆಗಲು ಕೊಟ್ಟೆ. ಆ ಋಣ ಅಷ್ಟಕ್ಕೆ ಹರಿಯುವಂಥದ್ದಲ್ಲ.

ಅದಾಗಿ ಮೂರು ವರ್ಷಕ್ಕೆ ಒಂದು ಬೆಳಿಗ್ಗೆ ಫೋನು ಬಂತು. "ನಿಮ್ಮ ಚಿಕ್ಕ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ವಾ ಸಾರ್?" ಅವಳು ಯಾವ ಅರ್ಜಿಯನ್ನೂ ತುಂಬಿರಲಿಲ್ಲ. ಐದು ವರ್ಷದ ಹಿಂದೆ ಎದೆಯುಬ್ಬಿಸಿ ನಾನೇ ಹೊಡೆಸಿದ ಸಾಲೊಂದು ನೆನಪಾಯಿತು: ಒಬ್ಬಳು ತಂಗಿ, ಐದನೇ ಕ್ಲಾಸು.

ಫೋನು ಕತ್ತರಿಸಿದೆ. ಮತ್ತೆ ಹೊಡೆದುಕೊಂಡಿತು.

"ಯಾರಪ್ಪಾ ಅದು?" ಎಂದು ಅವಳು ಒಳಗಿನಿಂದ ಕೇಳಿದಳು.

"ಗೊತ್ತಿಲ್ಲಮ್ಮ" ಎಂದೆ. ಹೋಗಿ ಕೇಳೋಣವೆಂದರೆ ಮೇಷ್ಟ್ರಿರಲಿಲ್ಲ.